ದೊರೆಯ ಕಣ್ಣು ಬರೆದ ಕೈ

"ಗುರುಗಳೇ, ಆ ಕಣ್ಣು ಬರೆದವರು ಯಾರು ಅಂತ ನೀವು ಯಾಕೆ ಕೇಳಲಿಲ್ಲ?"

ಕೇಳಿದವನು ಕೊಟ್ರೇಶ. ಗುರುಗಳ ಹತ್ತಿರ ಚಿತ್ರ ಕಲಿಯುವ ಹುಡುಗರಲ್ಲಿ ಬಾಯಿ ಹೆಚ್ಚು, ಗೆರೆ ಕಡಿಮೆ ಎಂದು ಹೆಸರಾದವನು.

ವಿಷಯ ಇಷ್ಟೇ. ಶಿಷ್ಯರೆಲ್ಲ ಸೇರಿ ಗುರುಗಳ ದೊಡ್ಡ ಚಿತ್ರವೊಂದನ್ನು ಬರೆದಿದ್ದರು. ಶಾಲು ಒಬ್ಬ ಬರೆದ, ಗಡ್ಡ ಇನ್ನೊಬ್ಬ ಬರೆದ, ಕೈಬೆರಳು ಮತ್ತೊಬ್ಬ. ಯಾರು ಯಾವಾಗ ಏನು ತಿದ್ದಿದರು ಎಂದು ತಮಗೆ ನೆನಪಿಲ್ಲ ಎಂದೇ ಎಲ್ಲರೂ ಹೇಳುತ್ತಿದ್ದರು. ಚಿತ್ರವನ್ನು ಗೋಡೆಗೆ ಏರಿಸಿದ ದಿನ ಊರವರು ನೋಡಲು ಬಂದರು. ಎಣ್ಣೆ ಅಂಗಡಿಯ ಸಾಹುಕಾರ ಕನ್ನಡಕ ಏರಿಸಿ ನೋಡಿದ. "ಎಲ್ಲಾ ಸರಿ, ಆದರೆ ಗುರುಗಳು ಪಕ್ಕದ ಎಲೆಯ ಹೋಳಿಗೆ ಮೇಲೆ ಕಣ್ಣಿಟ್ಟ ಹಾಗಿದ್ದಾರಲ್ಲ?" ಎಂದ. ನೆರೆದವರು ನಕ್ಕರು. ನಗಬಾರದು ಅಂದುಕೊಂಡವರು ಇನ್ನೂ ಜಾಸ್ತಿ ನಕ್ಕರು. ಕಣ್ಣು ನಿಜವಾಗಿಯೂ ಹಾಗೇ ಇತ್ತು. ಗುರುಗಳು ಮುಂದೆ ಬಂದು ತಮ್ಮ ಮುಖವನ್ನು ತಾವೇ ನೋಡಿಕೊಂಡರು. "ಇರಲಿ" ಎಂದು ಒಳಗೆ ಹೋದರು.

ಆಮೇಲೆ ವಿಚಾರಣೆ ಇಲ್ಲ, ಬೈಗುಳ ಇಲ್ಲ. ಶಿಷ್ಯರಿಗೆ ಅದೇ ದೊಡ್ಡ ಹಿಂಸೆಯಾಯಿತು. ಬೈದಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು.

ಕೊಟ್ರೇಶ ಕೇಳಿದಾಗ ಗುರುಗಳು ಕುಂಚ ತೊಳೆಯುತ್ತಿದ್ದರು. ತೊಳೆಯುತ್ತಲೇ "ಕೂತುಕೋ" ಎಂದರು. ಕೊಟ್ರೇಶ ಕೂತ. ಗುರುಗಳು ಹೇಳಿದರು:

ಹಿಂದೆ ಜರ್ಮನಿ ದೇಶದ ಒಂದು ಸೀಮೆಗೆ ಒಬ್ಬ ದೊರೆ ಇದ್ದ. ಆಗ ಫೋಟೋ ಇರಲಿಲ್ಲ. ದೊರೆ ತಾನು ಹೋಗಲಾಗದ ಕಡೆಗೆಲ್ಲ ತನ್ನ ಮುಖ ಬರೆಸಿ ಕಳಿಸುತ್ತಿದ್ದ. ನೆಂಟನಿಗೂ ಒಂದು, ಶತ್ರುವಿಗೂ ಒಂದು. ನೆಂಟ ನೋಡಿ ಖುಷಿಪಡಬೇಕು, ಶತ್ರು ನೋಡಿ ತೆಪ್ಪಗಿರಬೇಕು. ಅದಕ್ಕೇ ಚಿತ್ರದಲ್ಲಿ ದೊರೆಯ ಕಣ್ಣು ಗಿಡುಗನ ಕಣ್ಣಿನ ಹಾಗೆ ಇರಬೇಕು ಎಂದು ಕಟ್ಟಪ್ಪಣೆಯಾಗಿತ್ತು.

ಆ ಊರಲ್ಲಿ ಒಬ್ಬ ಚಿತ್ರಕಾರ ಇದ್ದ. ಅವನ ಮನೆಯೇ ಕಾರ್ಖಾನೆ. ಕೈಕೆಳಗೆ ನಾಲ್ಕು ಜನ ಕೆಲಸಗಾರರು. ಅವರಿಗೆ ಅವನೇ ಯಜಮಾನ. ದೊರೆ ಅವನ ಮುಂದೆ ಮುಖ ಕೊಟ್ಟು ಕೂತದ್ದು ಒಂದೇ ಸಲ. ಆವತ್ತು ಅವನು ಕಾಗದದ ಮೇಲೆ ದೊರೆಯ ಮುಖದ ಗೆರೆ ತೆಗೆದ. ಗೆರೆಯ ಉದ್ದಕ್ಕೂ ಸೂಜಿಯಿಂದ ತೂತು ಚುಚ್ಚಿದ. ನಮ್ಮ ಹೆಣ್ಣುಮಕ್ಕಳು ರಂಗೋಲಿಗೆ ಅಚ್ಚು ಇಡುವುದಿಲ್ಲವೇ, ಹಾಗೆ. ಆ ಕಾಗದವನ್ನು ಚಿತ್ರ ಬರೆಯುವ ಹಲಗೆಯ ಮೇಲಿಟ್ಟು ಇದ್ದಿಲಪುಡಿಯ ಗಂಟಿನಿಂದ ತಟ್ಟಿದರೆ ಚುಕ್ಕಿ ಬೀಳುತ್ತವೆ. ಚುಕ್ಕಿ ಕೂಡಿಸಿದರೆ ದೊರೆ. ಎಷ್ಟು ಸಲ ತಟ್ಟಿದರೆ ಅಷ್ಟು ದೊರೆಗಳು.

"ರಂಗೋಲಿ ದೊರೆ!" ಎಂದ ಕೊಟ್ರೇಶ.

ಗುರುಗಳು ಮುಂದುವರಿಸಿದರು:

ಕೆಲಸ ಹಂಚಿಕೆಯಾಗಿತ್ತು. ಒಬ್ಬ ತುಪ್ಪಳದ ಮೇಲಂಗಿ ಬರೆಯುವವನು. ಒಬ್ಬ ಗಡ್ಡದವನು. ಒಬ್ಬ ಕೈ ಮತ್ತು ಉಂಗುರದವನು. ಕೊನೆಯವನು ಕಣ್ಣಿನವನು. ಎಲ್ಲ ಮುಗಿದ ಮೇಲೆ ಯಜಮಾನ ಬಂದು ಕೆಳಗಿನ ಮೂಲೆಯಲ್ಲಿ ಒಂದು ಕೊಕ್ಕರೆಯ ಗುರುತು ಹಾಕುತ್ತಿದ್ದ. ಕೊಕ್ಕರೆ ಇದ್ದರೆ ಅದು ಆ ಮನೆಯ ಚಿತ್ರ. ಯಾವ ಕೈ ಬರೆದದ್ದು ಎಂದು ಕೊಕ್ಕರೆ ಹೇಳುತ್ತಿರಲಿಲ್ಲ. ಹೇಳು ಎಂದು ಯಾರೂ ಕೇಳುತ್ತಲೂ ಇರಲಿಲ್ಲ. ಚೆನ್ನಾಗಿದ್ದರೆ ಸಾಕಿತ್ತು.

ಒಮ್ಮೆ ದೊರೆ ತನ್ನ ಭಾವನ ಕೋಟೆಗೆ ಹೋದ. ಗಡಿಯ ನದಿಗೆ ಕಟ್ಟಿದ ಸೇತುವೆ ಯಾರದು ಎಂದು ಇಬ್ಬರಿಗೂ ಜಗಳವಿತ್ತು. ಮಾತಾಡಿ ಮುಗಿಸೋಣ ಎಂದು ಹೋದದ್ದು. ಊಟದ ಮನೆಯ ಗೋಡೆಯ ಮೇಲೆ ಅವನದೇ ಚಿತ್ರ ಇತ್ತು. ಭಾವನ ಮುದಿ ತಾಯಿ ಚಿತ್ರವನ್ನು ನೋಡಿದಳು, ಇವನನ್ನು ನೋಡಿದಳು.

"ಆವತ್ತು ಯಾರನ್ನು ಕಂಡು ಹಾಗೆ ಹೆದರಿಕೊಂಡಿದ್ದೆಯೋ ಮಗನೇ?" ಎಂದಳು.

ಮೇಜಿನ ಸುತ್ತ ಕೂತವರೆಲ್ಲ ನಕ್ಕರು. ದೊರೆ ತಲೆಯೆತ್ತಿ ನೋಡಿದ. ಮೂಗು ತನ್ನದು. ಗಡ್ಡ ತನ್ನದು. ಕಣ್ಣು ಮಾತ್ರ ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡ ಇಲಿಯದು.

"ಈ ಕಣ್ಣು ನೋಡಿಯೇ ನಾನು ಸೇತುವೆ ಬಿಡದೆ ಕೂತದ್ದು ಮಾರಾಯ" ಎಂದ ಭಾವ, ಬಾಯಿ ತುಂಬ ಮಾಂಸ ಇಟ್ಟುಕೊಂಡು.

ದೊರೆ ಊಟ ಬಿಟ್ಟು ಎದ್ದ. ಚಿತ್ರವನ್ನು ಗೋಡೆಯಿಂದ ಕೀಳಿಸಿ ಗಾಡಿಗೆ ಹಾಕಿಸಿದ. ಊರಿಗೆ ಬಂದವನೇ ಚಿತ್ರಕಾರನನ್ನು ಕರೆಸಿದ.

"ಇದು ಯಾರು ಬರೆದದ್ದು?"

"ನಮ್ಮ ಮನೆಯದು ಪ್ರಭು. ಕೊಕ್ಕರೆ ಇದೆಯಲ್ಲ."

"ಕೊಕ್ಕರೆ ಕೇಳಲಿಲ್ಲ. ಕೈ ಕೇಳಿದೆ. ಆ ಕೈ ನಾಳೆ ಮಧ್ಯಾಹ್ನ ಈ ಮೇಜಿನ ಮೇಲೆ ಇರಬೇಕು. ಮನುಷ್ಯ ಬೇಡ. ಕೈ ಸಾಕು."

ಚಿತ್ರಕಾರ ಮನೆಗೆ ಬಂದು ನಾಲ್ವರನ್ನೂ ಕೂರಿಸಿಕೊಂಡು ಹೇಳಿದ. ಎಲ್ಲರೂ ಕಣ್ಣಿನವನ ಕಡೆ ತಿರುಗಿದರು.

ಕಣ್ಣಿನವನು ಬಡಕಲು ಮನುಷ್ಯ. ಬಲಗೈ ಬಿಟ್ಟರೆ ಅವನಿಗೆ ಬೇರೆ ಆಸ್ತಿ ಇರಲಿಲ್ಲ. ಆ ಕೈ ನಂಬಿಕೊಂಡು ಮನೆಯಲ್ಲಿ ಹೆಂಡತಿ, ತೊಟ್ಟಿಲಲ್ಲಿ ಅವಳಿ ಕೂಸುಗಳು.

"ನನ್ನನ್ನು ಯಾಕೆ ನೋಡ್ತೀರಿ?" ಎಂದ. "ಭಾವನ ಕೋಟೆಗೆ ಚಿತ್ರ ಹೋದದ್ದು ರಾಜಕುಮಾರಿ ಮದುವೆಯ ತಿಂಗಳು. ಆಗ ನಮಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ನನ್ನೊಬ್ಬನಿಂದ ಆಗದೆ ಎಲ್ಲರೂ ಕಣ್ಣು ಬರೆದಿರಿ. ನೀನೂ ಬರೆದೆ. ನೀನೂ ಬರೆದೆ. ಯಜಮಾನರೇ, ನೀವೂ ಬರೆದಿರಿ."

ಅದು ನಿಜವಾಗಿತ್ತು.

"ಏನೇ ಹೇಳು, ಆ ಕಣ್ಣು ನಿಂದೇ ಕಣಯ್ಯ" ಎಂದ ತುಪ್ಪಳದವನು. "ನೀನು ಹುಟ್ಟಿದಾಗಿನಿಂದ ಹಾಗೇ ನೋಡೋದು."

"ನಿನ್ನ ಹೆಂಡತಿ ಕೂಗಿದಾಗ ನೀನು ಹೇಗೆ ನೋಡ್ತೀಯ ಅಂತ ಕನ್ನಡಿ ತಂದು ತೋರಿಸಲೇನು?"

ಬೇರೆ ದಿನವಾಗಿದ್ದರೆ ಎಲ್ಲರೂ ನಗುತ್ತಿದ್ದರು. ಆವತ್ತು ಯಾರೂ ನಗಲಿಲ್ಲ. ಉಂಗುರದವನು ತನ್ನ ಬಲಗೈಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಕೂತಿದ್ದ. ಗಡ್ಡದವನು ಮೆಲ್ಲಗೆ ಹೇಳಿದ: "ಯಜಮಾನರೇ, ಯಾರಾದರೂ ಹೊಗಳಿದಾಗೆಲ್ಲ 'ಅದು ನಂದೇ' ಅಂತಿದ್ದಿರಲ್ಲ. ಈಗಲೂ ಹಾಗೇ ಅಂದುಬಿಡಿ."

ಯಜಮಾನ ತನ್ನ ಕೈ ನೋಡಿಕೊಂಡ. ಅವನಿಗೂ ಒಂದು ಬಲಗೈ ಇತ್ತು.

ನಿಜ ಏನೆಂದರೆ, ಯಾರಿಗೂ ಗೊತ್ತಿರಲಿಲ್ಲ. ಒಂದೇ ಅಚ್ಚು, ಒಂದೇ ಬಣ್ಣ, ಪಕ್ಕಪಕ್ಕದಲ್ಲಿ ಇಟ್ಟ ಹಲಗೆಗಳು. ಯಾವುದು ಯಾರ ಮುಂದಿತ್ತು ಎಂದು ಯಾರು ನೆನಪಿಡುತ್ತಾರೆ? ಪ್ರತಿಯೊಬ್ಬನಿಗೂ ಒಳಗೊಳಗೇ, ಅದು ನನ್ನದೇ ಆಗಿದ್ದರೆ ಎಂಬ ಅನುಮಾನ. ಅದಕ್ಕೇ ಪ್ರತಿಯೊಬ್ಬನೂ ಅದು ಇನ್ನೊಬ್ಬನದು ಎಂದು ಆಣೆ ಹಾಕಲು ತಯಾರಾಗಿದ್ದ.

ಕೊನೆಗೆ ತುಪ್ಪಳದವನಿಗೆ ಒಂದು ಉಪಾಯ ಹೊಳೆಯಿತು. ಮೊದಲು ಅದೇ ಮನೆಯಲ್ಲಿ ಕೆಲಸ ಮಾಡಿ ಸತ್ತುಹೋದ ಒಬ್ಬ ಮುದುಕ ಇದ್ದ. "ಅವನ ಮೇಲೆ ಹಾಕೋಣ" ಎಂದ. "ಅವನ ಕೈ ಕಡಿದರೂ ಅವನಿಗೆ ನೋಯಲ್ಲ."

ಎಲ್ಲರಿಗೂ ಒಪ್ಪಿಗೆಯಾಯಿತು. ಸತ್ತ ಮುದುಕ ಒಳ್ಳೆಯವನಾಗಿದ್ದ, ಬದುಕಿದ್ದರೂ ಬೇಡ ಅನ್ನುತ್ತಿರಲಿಲ್ಲ ಎಂದು ಸಮಾಧಾನವನ್ನೂ ಮಾಡಿಕೊಂಡರು.

ಕಣ್ಣಿನವನು ಮನೆಗೆ ಹೋಗಿ ಹೆಂಡತಿಗೆ ಹೇಳಿದ. ಅವಳು ತೊಟ್ಟಿಲು ತೂಗುವುದನ್ನು ನಿಲ್ಲಿಸಿದಳು.

"ಓಡಿಹೋಗೋಣ" ಎಂದಳು.

"ಓಡಿದರೆ ನಾನೇ ಬರೆದೆ ಅಂತಾಗತ್ತೆ."

"ಬರೆದದ್ದು ನೀನೇನಾ?"

"ಗೊತ್ತಿದ್ದರೆ ಓಡ್ತಿದ್ದೆ."

ಮರುದಿನ ಐವರೂ ಅರಮನೆಗೆ ಹೋದರು. ದೊರೆ ಕೇಳುವ ಮೊದಲೇ ಯಜಮಾನ ಕಲಿತ ಪಾಠ ಒಪ್ಪಿಸಿದ.

"ಪ್ರಭು, ವಿಚಾರಿಸಿದೆ. ಇದು ನಮ್ಮಲ್ಲಿದ್ದ ಒಬ್ಬ ಮುದುಕ ಬರೆದದ್ದು. ಪಾಪ, ಈಗ ಇಲ್ಲ."

"ಸತ್ತದ್ದು ಯಾವಾಗ?"

"ಹೋದ ವರ್ಷ, ಸುಗ್ಗಿಯ ಹೊತ್ತಿಗೆ."

"ನನ್ನ ಮಗಳ ಮದುವೆ ಆದದ್ದು?"

ಯಜಮಾನ ಬೆರಳು ಮಡಚಿ ತಿಂಗಳು ಎಣಿಸಿದ. ಮದುವೆ ಆದದ್ದು ಸುಗ್ಗಿ ಮುಗಿದು ಹಿಮ ಬಿದ್ದ ಮೇಲೆ.

"ಹೆಣ ಎದ್ದು ಬಂದು ಬರೆಯಿತೇ?" ಎಂದ ದೊರೆ. ಅವನ ದನಿ ಏರಲಿಲ್ಲ. "ಇನ್ನೊಂದು ಸುಳ್ಳು ಹೇಳಿದರೆ ಒಂದು ಕೈ ಅಲ್ಲ, ಐದು ಕೈ."

ದೊರೆ ಒಬ್ಬ ಪರೀಕ್ಷಕನನ್ನು ಕರೆಸಿ ಇಟ್ಟುಕೊಂಡಿದ್ದ. ಚಿತ್ರ ನೋಡಿ ಬರೆದ ಕೈ ಯಾವುದು ಎಂದು ಹೇಳುವುದು ಅವನ ವಿದ್ಯೆ. ಕಿವಿಯ ಹಾಲೆ ನೋಡಿ ಇದು ಇಂಥವನದು ಎನ್ನುತ್ತಿದ್ದ. ಉಗುರಿನ ಬಣ್ಣ ನೋಡಿ ಇದು ಇಂಥವನು ಮುಪ್ಪಿನಲ್ಲಿ ಬರೆದದ್ದು ಎನ್ನುತ್ತಿದ್ದ. ಗೊತ್ತಿಲ್ಲ ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ.

ಪರೀಕ್ಷಕ ಐವರ ಹಳೆಯ ಕೆಲಸಗಳನ್ನು ತರಿಸಿ ನೋಡಿದ. ಆಮೇಲೆ ಭಾವನ ಕೋಟೆಯ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದ. "ತುಪ್ಪಳ ಅವನದು" ಎಂದು ಬೆರಳು ತೋರಿಸಿದ. ಸರಿಯಾಗಿತ್ತು. "ಗಡ್ಡ ಇವನದು. ಒಂದೊಂದು ಕೂದಲೂ ತುದಿಯಲ್ಲಿ ಎಡಕ್ಕೆ ಕೊಂಕಿದೆ. ಉಂಗುರ ಆ ಮೂಲೆಯಲ್ಲಿ ನಿಂತವನದು." ಎಲ್ಲ ಸರಿಯಾಗಿತ್ತು. ಕಣ್ಣಿಗೆ ಬಂದಾಗ ಬೆರಳು ನಿಂತಿತು. ಬಾಗಿ ನೋಡಿದ. ಭೂತಗನ್ನಡಿ ಇಟ್ಟು ನೋಡಿದ. ಚಿತ್ರವನ್ನು ತಲೆಕೆಳಗು ಮಾಡಿ ನೋಡಿದ.

"ಹೇಳು" ಎಂದ ದೊರೆ.

"ಪ್ರಭು, ಇದು ಕಣ್ಣಿನವನ ಎಂದಿನ ಕೈಯಲ್ಲ. ಇವರಲ್ಲಿ ಯಾರ ಎಂದಿನ ಕೈಯೂ ಅಲ್ಲ. ಪ್ರತಿಯೊಬ್ಬನೂ ನನ್ನೆದುರು ಒಂದು ಜೊತೆ ಕಣ್ಣು ಬರೆಯಲಿ. ಯಾವ ಜೊತೆ ಇದನ್ನು ಹೋಲುತ್ತದೋ, ಬರೆದವನು ಅವನೇ."

"ಒಳ್ಳೆಯದು. ನಾನೂ ಎದುರಿಗೆ ಕೂರುತ್ತೇನೆ. ಇವನೂ ಇರಲಿ."

ದೊರೆ ಬಾಗಿಲ ಕಡೆ ತೋರಿಸಿದ. ಅಲ್ಲಿ ಕೊಡಲಿಯವನು ನಿಂತಿದ್ದ.

ಪರೀಕ್ಷಕ ಏನೋ ಹೇಳಲು ಬಾಯಿ ತೆರೆದ. ದೊರೆಯ ಮುಖ ನೋಡಿ ಮುಚ್ಚಿದ.

ಕುರ್ಚಿ ಹಾಕಿದರು. ದೊರೆ ಕೂತ. ಅವನಿಗೆ ಎದುರಾಗಿ ಹಲಗೆ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡು. ಅದರ ಪಕ್ಕದಲ್ಲೇ ಒಂದು ಮರದ ದಿಮ್ಮಿ. ದಿಮ್ಮಿಯ ಮೇಲೆ ಹಳೆಯ ಕಚ್ಚುಗಳಿದ್ದವು. ಬರೆಯುವವನು ಮೊಣಕೈ ಊರಬೇಕೆಂದರೂ ಜಾಗ ಅದೊಂದೇ.

ತುಪ್ಪಳದವನು ಮೊದಲು ಬಂದ. ತೂತಿನ ಕಾಗದ ಇಟ್ಟು ಇದ್ದಿಲಪುಡಿ ತಟ್ಟಿದ. ಬೇಕಾದ್ದಕ್ಕಿಂತ ಜೋರಾಗಿ ತಟ್ಟಿದ. ಮೂಗಿಗೆ ಪುಡಿ ಹೋಗಿ ಸೀನು ಬಂತು. ದೊರೆಯ ಎದುರು ಸೀನುವ ಹಾಗಿಲ್ಲ. ಸೀನನ್ನು ನುಂಗಿಕೊಂಡ. ಕಣ್ಣಲ್ಲಿ ನೀರು ಬಂತು. ಆ ನೀರಿನಲ್ಲೇ ಬರೆದ. ಬರೆದ ಹಲಗೆಯನ್ನು ಮುಖ ಗೋಡೆಗೆ ಮಾಡಿ ಇಟ್ಟರು.

ಗಡ್ಡದವನು ಬಂದ. ಅವನ ಕುಂಚ ಕೈ ಜಾರಿ ಬಿತ್ತು. ಎತ್ತಿಕೊಂಡ, ಮತ್ತೆ ಬಿತ್ತು. ಉಂಗುರದವನು ಬಂದ. ಬಿಳಿ ಬಣ್ಣ ಯಾವುದು ಎಂದು ಅವನು ಪಕ್ಕದವನನ್ನು ಕೇಳಬೇಕಾಯಿತು. ಅವರ ಹಲಗೆಗಳೂ ಗೋಡೆಗೆ ಮುಖ ಮಾಡಿದವು.

ಆಮೇಲೆ ಕಣ್ಣಿನವನು. ಅವನು ದಾರಿಯುದ್ದಕ್ಕೂ ಒಂದೇ ನಿಶ್ಚಯ ಮಾಡಿಕೊಂಡು ಬಂದಿದ್ದ. ಗಿಡುಗನ ಕಣ್ಣು. ಅದು ಬಿಟ್ಟು ಬೇರೆ ಬರೆಯಬಾರದು. ಅದನ್ನು ಅವನು ನಿದ್ದೆಯಲ್ಲೂ ಬರೆಯಬಲ್ಲ. ರೆಪ್ಪೆಯ ಗೆರೆ ಎಳೆದ. ಸರಿಯಾಗಿ ಬಂತು. ಪಾಪೆ ತುಂಬಿದ. ಸರಿಯಾಗಿ ಬಂತು. ಇನ್ನು ಉಳಿದದ್ದು ಪಾಪೆಯೊಳಗಿನ ಬೆಳಕಿನ ಚುಕ್ಕೆ. ಅದು ಇಲ್ಲಿ ಕೂತರೆ ಗಿಡುಗ, ಅಲ್ಲಿ ಕೂತರೆ ಇಲಿ. ನಡುವೆ ಸಾಸಿವೆಯಷ್ಟೂ ಅಂತರವಿಲ್ಲ. ಅಚ್ಚಿನ ಕಾಗದದಲ್ಲಿ ಆ ಚುಕ್ಕೆಗೆ ತೂತು ಇರಲಿಲ್ಲ. ಅದನ್ನು ಕೈಯೇ ಇಡಬೇಕು.

ಕುಂಚದ ತುದಿಗೆ ಬಿಳಿ ಹಚ್ಚಿಕೊಂಡವನು ತನಗೇ ತಿಳಿಯದೆ ತಲೆ ಎತ್ತಿದ. ದೊರೆ ಅವನನ್ನೇ ನೋಡುತ್ತಿದ್ದ. ದೊರೆಯ ಹಿಂದೆ ಕೊಡಲಿಯವನು ಹೆಬ್ಬೆರಳಿನಿಂದ ಅಲಗು ಸವರುತ್ತಿದ್ದ.

ಕಣ್ಣಿನವನು ತಲೆ ತಗ್ಗಿಸಿ ಚುಕ್ಕೆ ಇಟ್ಟ. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಹಿಂದೆ ಸರಿದ. ತಾನು ಏನು ಬರೆದೆ ಎಂದು ನೋಡುವ ಧೈರ್ಯ ಅವನಿಗೆ ಆಗಲಿಲ್ಲ.

"ಮುಗಿಯಿತು" ಎಂದ ಪರೀಕ್ಷಕ.

"ಇನ್ನೂ ಒಬ್ಬ ಇದ್ದಾನೆ" ಎಂದ ದೊರೆ, ಯಜಮಾನನ ಕಡೆ ತಿರುಗಿ.

"ನಾನೂ ಬರೆಯಬೇಕೇ ಪ್ರಭು?"

"ಕೊಕ್ಕರೆ ಯಾರದು?"

ಯಜಮಾನನೂ ಬರೆದ.

ಹಲಗೆಗಳನ್ನು ಒಂದೊಂದಾಗಿ ತಿರುಗಿಸಿದರು. ಮೊದಲನೆಯದು ಇಲಿಯ ಕಣ್ಣು. ತುಪ್ಪಳದವನು ಬಲಗೈಯನ್ನು ಬೆನ್ನ ಹಿಂದೆ ಮರೆಮಾಡಿದ. ಎರಡನೆಯದನ್ನು ತಿರುಗಿಸಿದರು. ಇಲಿ. ಮೂರನೆಯದು ಇಲಿ. ಕಣ್ಣಿನವನದು ಇಲಿ. ಯಜಮಾನನದು ಎಲ್ಲಕ್ಕಿಂತ ದೊಡ್ಡ ಇಲಿ. ನಡುವೆ ಭಾವನ ಕೋಟೆಯ ಚಿತ್ರ ಇಟ್ಟರೆ, ಅದು ಇವೆಲ್ಲದರ ಒಡಹುಟ್ಟಿದ ಅಣ್ಣನ ಹಾಗೆ ಕಂಡಿತು.

ಪರೀಕ್ಷಕ ಈ ತುದಿಯಿಂದ ಆ ತುದಿಗೆ ನಡೆದ. ಆ ತುದಿಯಿಂದ ಈ ತುದಿಗೆ ಬಂದ. ಅವನ ಕುತ್ತಿಗೆಯ ಪಟ್ಟಿ ಬೆವರಿಗೆ ಅಂಟಿಕೊಂಡಿತು.

"ಯಾರದು?" ಎಂದ ದೊರೆ.

ಪರೀಕ್ಷಕನಿಗೆ ಒಂದು ಸುಲಭದ ದಾರಿ ಇತ್ತು. ಕಣ್ಣಿನವನು ಎಂದರೆ ಆಯಿತು. ಎಲ್ಲರೂ ನಂಬುತ್ತಿದ್ದರು. ಕಣ್ಣಿನವನೂ ನಂಬುತ್ತಿದ್ದ. ಅವನಾಗಲೇ ದಿಮ್ಮಿಯ ಕಡೆ ಅರ್ಧ ಹೆಜ್ಜೆ ಇಟ್ಟಿದ್ದ. ಪರೀಕ್ಷಕ ಬೆರಳು ಎತ್ತಿದ. ಬೆರಳು ಕಣ್ಣಿನವನ ಕಡೆ ಹೋಯಿತು. ಆಮೇಲೆ ಗಾಳಿಯಲ್ಲೇ ನಿಂತಿತು. ಎಲ್ಲವೂ ಹೋಲುವಾಗ ಒಂದನ್ನು ಆರಿಸಿದರೆ ಅದು ವಿದ್ಯೆಯಲ್ಲ, ಲಾಟರಿ ಎಂದು ಅವನಿಗೆ ಗೊತ್ತಿತ್ತು.

"ಗೊತ್ತಾಗುತ್ತಿಲ್ಲ ಪ್ರಭು" ಎಂದ.

"ಗೊತ್ತಾಗುತ್ತಿಲ್ಲವೇ? ಹಾಗಾದರೆ ನೀನೇ ಬರೆದಿರಬೇಕು. ಹಿಡಿ ಕುಂಚ."

"ನಾನು ಜನ್ಮದಲ್ಲಿ ಕುಂಚ ಹಿಡಿದವನಲ್ಲ!"

"ಹಿಡಿ."

ಪರೀಕ್ಷಕ ಹಿಡಿದ, ಸೌಟು ಹಿಡಿದ ಹಾಗೆ. ದೊರೆ ಎದುರಿಗೆ. ಕೊಡಲಿ ಪಕ್ಕಕ್ಕೆ. ಅಚ್ಚಿನ ಚುಕ್ಕಿಗಳು ಅವನ ಕಣ್ಣಿಗೆ ಇರುವೆಗಳ ಹಾಗೆ ಹರಿದಾಡಿದವು. ಒಂದು ಕಣ್ಣು ಬದನೆಕಾಯಿಯ ಹಾಗೆ ಬಂತು. ಇನ್ನೊಂದು ಒಡೆದ ಮೊಟ್ಟೆಯ ಹಾಗೆ ಬಂತು. ಕೊನೆಗೆ ಬಿಳಿ ಚುಕ್ಕೆ ಇಟ್ಟ. ಹಲಗೆ ತಿರುಗಿಸಿದರು.

ಬದನೆಕಾಯಿಯೂ ಹೆದರಿತ್ತು. ಮೊಟ್ಟೆಯೂ ಹೆದರಿತ್ತು.

ಕೊಡಲಿಯವನು ಕಿಸಕ್ಕನೆ ನಕ್ಕ. ತಕ್ಷಣ ಬಾಯಿ ಮುಚ್ಚಿಕೊಂಡ. ದೊರೆ ತಿರುಗಿ ಅವನನ್ನು ನೋಡಿದ. ಆಗ ಪರೀಕ್ಷಕನಿಗೆ ಕೊಡಲಿಯವನ ಮುಖ ಕಂಡಿತು. ಅಷ್ಟು ದೊಡ್ಡ ಮೀಸೆ. ಅಷ್ಟು ದೊಡ್ಡ ಕೊಡಲಿ. ಕಣ್ಣು ಮಾತ್ರ ಅದೇ.

ಪರೀಕ್ಷಕ ಕುಂಚ ಕೆಳಗಿಟ್ಟ.

"ಪ್ರಭು, ಈಗ ಹೇಳಬಲ್ಲೆ. ಈ ಹಲಗೆಗಳು, ಈ ಚಿತ್ರ, ಎಲ್ಲವೂ ಒಂದೇ ಕೈಯವು."

"ಯಾರದು ಆ ಕೈ?"

"ಅದಕ್ಕೆ ಮೊದಲು ಇವರನ್ನು ಒಂದು ಮಾತು ಕೇಳಬೇಕು. ಮದುವೆಯ ತಿಂಗಳು ನೀವೆಲ್ಲ ಕಣ್ಣು ಬರೆಯುವಾಗ ಹತ್ತಿರ ಯಾರಾದರೂ ಇದ್ದರೇ?"

ಯಜಮಾನ ಯೋಚಿಸಿದ. ನೆನಪಾದಾಗ ಅವನ ಮುಖ ಸುಣ್ಣದ ಹಾಗಾಯಿತು. ಅವನು ನೆಲ ನೋಡಿದ. ತುಪ್ಪಳದವನು, ಗಡ್ಡದವನು, ಉಂಗುರದವನು ಎಲ್ಲರೂ ನೆಲ ನೋಡಿದರು. ಕಣ್ಣಿನವನೊಬ್ಬ ತಲೆ ಎತ್ತಿದ. ತನ್ನ ಕೈ ಹೋಯಿತು ಎಂದೇ ಅವನು ಲೆಕ್ಕ ಹಾಕಿಯಾಗಿತ್ತು. ಹೋದ ಕೈಗೆ ಇನ್ನೇನು ಹೆದರುವುದು?

"ಪ್ರಭುಗಳೇ ಬಂದಿದ್ದಿರಿ" ಎಂದ. "ಕೆಲಸ ಎಲ್ಲಿಗೆ ಬಂತು ಅಂತ ನೋಡಲು. ನಮ್ಮ ಮುಂದೆ ನಿಂತಿರಿ. 'ಇವತ್ತು ಸಂಜೆಗೆ ಮುಗಿಯದಿದ್ದರೆ ಒಬ್ಬೊಬ್ಬರದೂ ತಲೆ ತೆಗೆಸ್ತೀನಿ' ಅಂದಿರಿ. ನಾವು ಸಂಜೆಗೆ ಮುಗಿಸಿದೆವು."

ಕೊಡಲಿಯವನು ಕೊಡಲಿಯನ್ನು ಎರಡೂ ಕೈಯಲ್ಲಿ ಹಿಡಿದ. ಅಪ್ಪಣೆ ಬಂದರೆ ಯಾರ ಮೇಲೆ ಬರುತ್ತದೆ ಎಂದು ಅವನಿಗೂ ತಿಳಿಯಲಿಲ್ಲ.

ದೊರೆ ಭಾವನ ಕೋಟೆಯ ಚಿತ್ರದ ಕಡೆ ತಿರುಗಿದ. ಆಮೇಲೆ ಕೇಳಿದ.

"ಆವತ್ತು ಸಂಜೆ ಮುಗಿಸಿದ್ದು ಇದೊಂದೇ ಏನು?"

"ಇಲ್ಲ ಪ್ರಭು. ಒಬ್ಬೊಬ್ಬರೂ ಒಂದೊಂದು ಮುಗಿಸಿದೆವು."

"ಉಳಿದವು ಎಲ್ಲಿವೆ?"

ಕಣ್ಣಿನವನೇ ಹೇಳಿದ. "ಬೇರೆ ಬೇರೆ ಅರಮನೆಗಳಿಗೆ ಹೋದವು. ಮೊದಲು ಶತ್ರುಗಳಿಗೆ ಕಳಿಸಿ ಅಂತ ತಾವೇ ಅಪ್ಪಣೆ ಮಾಡಿದ್ದಿರಿ."

ದೊರೆ ಎದ್ದ. ದಿಮ್ಮಿಯ ಹತ್ತಿರ ಬಂದು ನಿಂತ. ಸಾಲಾಗಿ ನಿಂತವರನ್ನು ಒಬ್ಬೊಬ್ಬರಾಗಿ ನೋಡಿದ. ಅವನು ಯಾರ ಕಡೆ ತಿರುಗುತ್ತಾನೋ ಅವರ ಕಣ್ಣು ಇಲಿಯದಾಗುತ್ತಿತ್ತು. ಬೇರೆ ಕಡೆ ತಿರುಗಿದರೆ ಮತ್ತೆ ಮನುಷ್ಯರದಾಗುತ್ತಿತ್ತು. ಅದನ್ನು ಅವನು ಎಷ್ಟು ಕಂಡನೋ ಯಾರಿಗೆ ಗೊತ್ತು. ಕೊಡಲಿಯವನಿಗೆ "ಹೋಗು" ಎಂದ. ಕೊಡಲಿಯವನು ಓಡುವ ಹಾಗೆ ಹೋದ. ಆಮೇಲೆ ದೊರೆ ತಾನೂ ಇನ್ನೊಂದು ಬಾಗಿಲಿನಿಂದ ಹೊರಟುಹೋದ.

ಉಳಿದವರಿಗೆ ಹೋಗಿ ಎಂದೂ ಹೇಳಿರಲಿಲ್ಲ, ಇರಿ ಎಂದೂ ಹೇಳಿರಲಿಲ್ಲ. ಕಸ ಗುಡಿಸುವವಳು ಬಂದು "ಕಾಲು ಎತ್ತಿ" ಎನ್ನುವವರೆಗೂ ಹಾಗೇ ನಿಂತಿದ್ದರು. ಕಣ್ಣಿನವನು ತನ್ನ ಬಲಗೈಯನ್ನು ಬೇರೆಯವರ ಕೂಸನ್ನು ಎತ್ತಿಕೊಂಡ ಹಾಗೆ ಎಡಗೈಯಲ್ಲಿ ಹಿಡಿದುಕೊಂಡು ಮನೆಗೆ ಹೋದ.

ಆ ಚಿತ್ರ ಆಮೇಲೆ ಕೈಯಿಂದ ಕೈಗೆ ದಾಟಿ ಒಂದು ಮ್ಯೂಸಿಯಂ ಸೇರಿತು. ಪಂಡಿತರು ಬಂದು ನೋಡುತ್ತಾರೆ. ಯಂತ್ರ ಇಟ್ಟು ಬಣ್ಣದ ಕೆಳಗಿನ ಇದ್ದಿಲ ಚುಕ್ಕಿಗಳನ್ನೂ ನೋಡುತ್ತಾರೆ. ಕಣ್ಣು ಯಜಮಾನನದೇ ಎಂದು ಒಬ್ಬರು ಬರೆಯುತ್ತಾರೆ. ಸಾಧ್ಯವೇ ಇಲ್ಲ ಎಂದು ಇನ್ನೊಬ್ಬರು ಬರೆಯುತ್ತಾರೆ. ಚಿತ್ರದ ಕೆಳಗಿನ ಫಲಕದಲ್ಲಿ ಮಾತ್ರ 'ಕೊಕ್ಕರೆ ಗುರುತಿನ ಮನೆಯದು' ಎಂದಷ್ಟೇ ಇದೆ.

ಗುರುಗಳು ಕತೆ ನಿಲ್ಲಿಸಿ ಕುಂಚವನ್ನು ಬಟ್ಟೆಯಲ್ಲಿ ಒರೆಸಿದರು.

ಕೊಟ್ರೇಶ ನಗುತ್ತಿದ್ದ. ಬದನೆಕಾಯಿ ಕಣ್ಣು ಅವನ ತಲೆಯಿಂದ ಇನ್ನೂ ಇಳಿದಿರಲಿಲ್ಲ. ನಗು ಮುಗಿದ ಮೇಲೆ ಅವನಿಗೆ ತನ್ನ ಪ್ರಶ್ನೆ ನೆನಪಾಯಿತು.

"ಅಲ್ಲ ಗುರುಗಳೇ, ಅಷ್ಟು ದೊಡ್ಡ ದೊರೆ ಕೊಡಲಿ ಇಟ್ಟುಕೊಂಡು ಕೇಳಿದರೂ ಬರೆದವನು ಸಿಗಲಿಲ್ಲ. ನೀವು ಕೇಳಲೇ ಇಲ್ಲ. ಇನ್ನು ನಿಮಗೆ ಅವನು ಸಿಗೋದು ಹೇಗೆ?"

ಗುರುಗಳು ಕುಂಚದಿಂದ ಕಣ್ಣೆತ್ತಿ ಅವನನ್ನು ನೋಡಿ ಹೇಳಿದರು:

"ನಾನು ಕೇಳಲಿಲ್ಲ, ಅದಕ್ಕೇ ಬರೆದವನು ತಾನಾಗಿ ಬಂದು ನನ್ನೆದುರಿಗೆ ಕೂತಿದ್ದಾನೆ."